ಎರವಲು ದನಿ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗಂಟಲಿಗೆ,

ಈ ಹೆಸರು ಬರೆಯುವ ಮುಂಚೆ ಒಂದು ಹಾಳೆ ಕೆಡಿಸಿದೆ. ಮೂವತ್ತೊಂದು ವರ್ಷ ನಾನು ನಿನ್ನನ್ನು ಗಂಟಲು ಎಂದೇ ಕರೆದೆ, ನೀನು ನನ್ನನ್ನು ಮೋರೆ ಎಂದೇ ಕರೆದೆ. ಈಗ ಡಾಕ್ಟರು ನಿನ್ನ ಗಂಟಲಿಗೇ ಕತ್ತರಿ ಹಾಕಿದ ಮೇಲೆ ಹಾಗೆ ಕರೆಯಬಹುದೋ ಬಾರದೋ ತಿಳಿಯಲಿಲ್ಲ. ನಿನ್ನ ನಿಜವಾದ ಹೆಸರು ಬರೆದು ನೋಡಿದೆ, ಬ್ಯಾಂಕಿನ ಮ್ಯಾನೇಜರಿಗೆ ಬರೆದ ಅರ್ಜಿಯ ಹಾಗೆ ಕಂಡಿತು. ಹರಿದು ಹಾಕಿದೆ. ನೀನು ಬೈದುಕೊಂಡರೂ ಚಿಂತೆಯಿಲ್ಲ, ಹೇಗೂ ನನಗೆ ಕೇಳಿಸುವುದಿಲ್ಲ. ನೋಡು, ಶುರುವಿನಲ್ಲೇ ನಾಲಿಗೆ ಹರಿಯಬಿಟ್ಟೆ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ನನಗೆ ಎಪ್ಪತ್ನಾಲ್ಕು.

ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಈ ಮನುಷ್ಯ ಈಗ ಬರೆಯುತ್ತಿದ್ದಾನಲ್ಲ ಎಂದು ಅಂದುಕೊಳ್ಳುತ್ತೀಯ. ಅಂದುಕೋ. ಫೋನು ಮಾಡಿದರೆ ಅತ್ತಿಗೆ ಎತ್ತಿಕೊಳ್ಳುತ್ತಾರೆ, "ಪಕ್ಕದಲ್ಲೇ ಕೂತಿದ್ದಾರೆ, ಕೇಳಿಸ್ಕೋತಿದ್ದಾರೆ, ನೀವು ಮಾತಾಡಿ" ಎನ್ನುತ್ತಾರೆ. ಆ ಕಡೆಯಿಂದ ನಿನ್ನ ಉಸಿರು ಮಾತ್ರ ಬರುತ್ತದೆ. ನಾನು "ಹುಷಾರು" ಎಂದು ಹೇಳಿ ಇಟ್ಟುಬಿಡುತ್ತೇನೆ. ಎರಡು ಸಲ ಹಾಗಾಯಿತು. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಹೆಬ್ಬೆರಳಿಗೆ ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುವ ಅಭ್ಯಾಸ. ಅದಕ್ಕೇ ಕಾಗದ.

ನನ್ನ ಸಮಾಚಾರವೆಂದರೆ ಅದೇ ಮೂರನೇ ಮಹಡಿ, ಅದೇ ಎರಡು ಕೋಣೆ. ನಿನ್ನೆ ಬೆಳಗಿನಿಂದ ರಾತ್ರಿವರೆಗೆ ನಾನು ಆಡಿದ ಮಾತು ಎಷ್ಟು ಗೊತ್ತೇ? ಹಾಲಿನವನಿಗೆ "ಒಂದು" ಅಂದೆ. ಲಿಫ್ಟಿನಲ್ಲಿ ಗುಂಡಿಯ ಹತ್ತಿರ ನಿಂತಿದ್ದ ಹೆಂಗಸಿಗೆ "ಮೂರು" ಅಂದೆ. ಅಷ್ಟೇ. ನೀನು ತಂಗಿ ಎನ್ನುತ್ತಿದ್ದ ನನ್ನ ಹೆಂಡತಿ ಹೋಗಿ ಆರು ವರ್ಷವಾಯಿತು, ಆದರೂ ಅಡುಗೆಮನೆಯಲ್ಲಿ ಪಾತ್ರೆ ಜಾರಿ ಬಿದ್ದರೆ "ಏನಾಯ್ತೇ" ಎಂದು ಕೇಳಲು ಬಾಯಿ ತೆರೆಯುತ್ತೇನೆ. ಆಮೇಲೆ ನಾನೇ ಎದ್ದು ಹೋಗಿ ಪಾತ್ರೆ ಎತ್ತಿಡುತ್ತೇನೆ.

ಮಧ್ಯಾಹ್ನ ಎರಡು ಗಂಟೆಗೆ ಮಾತ್ರ ಮನೆಯಲ್ಲಿ ಸ್ವಲ್ಪ ಗದ್ದಲ. ಹಳೆಯ ಸಿನಿಮಾ ಹಾಕುವ ಚಾನೆಲ್ಲಿನಲ್ಲಿ ವಾರಕ್ಕೆ ಎರಡು ಸಲವಾದರೂ ನಾನು ಬರುತ್ತೇನೆ. ನಾಯಕನ ತಂದೆ, ನಾಯಕಿಯ ಮಾವ, ಆಪರೇಷನ್ ಕೋಣೆಯಿಂದ ಹೊರಗೆ ಬಂದು ಕನ್ನಡಕ ತೆಗೆಯುವ ಡಾಕ್ಟರು. ಮುನ್ನೂರ ನಲವತ್ತು ಚಿತ್ರಗಳಲ್ಲಿ ನಲವತ್ತು ಸಲ ನ್ಯಾಯಾಧೀಶನಾಗಿದ್ದೇನೆ, ಅರವತ್ತೊಂದು ಸಲ ಸತ್ತಿದ್ದೇನೆ. ಮೊನ್ನೆ ಒಂದು ತೀರ್ಪು ಕೊಡುತ್ತಿದ್ದೆ. ಮುಖ ನನ್ನದು, ದನಿ ನಿನ್ನದು. ಎಂಥ ದನಿ ಕಣೋ ಅದು, ಗೋಡೆಯ ಮೇಲಿನ ಗಡಿಯಾರದ ಗಾಜು ಅದುರಿತು. ನೀನೂ ಆ ಹೊತ್ತಿಗೆ ಟಿವಿ ಹಾಕಿರುತ್ತೀಯೋ ಏನೋ. ಹಾಕಿದ್ದರೆ, ಆ ಎರಡು ಗಂಟೆಗಾದರೂ ನಾವಿಬ್ಬರೂ ಪೂರ್ತಿ ಇರುತ್ತೇವೆ.

ಮೊದಲ ಚಿತ್ರ ನಿನಗೆ ನೆನಪಿರಬೇಕು. ನಿರ್ದೇಶಕರು ನನ್ನ ದನಿ ಕೇಳಿ ತಲೆ ಮೇಲೆ ಕೈಹೊತ್ತು, "ಮೋರೆ ಜಡ್ಜ್‌ದು, ದನಿ ಕಟಕಟೆಯಲ್ಲಿ ನಿಂತವನದು" ಎಂದರು. ಆ ಮೋರೆಯೇ ನನಗೆ ಹೆಸರಾಯಿತು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಐದಡಿ ಎರಡಂಗುಲದ ನಿನ್ನನ್ನು ಎಲ್ಲಿಂದಲೋ ಹಿಡಿದು ತಂದರು. ಸದ್ದಾಗುತ್ತದೆಂದು ಡಬ್ಬಿಂಗ್ ಕೋಣೆಯಲ್ಲಿ ಫ್ಯಾನು ಹಾಕುತ್ತಿರಲಿಲ್ಲ. ನೀನು ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನನ್ನ ಕೋರ್ಟಿನ ಕೊಲೆಗಾರರಿಗೆಲ್ಲ ಗಲ್ಲು ಕೊಟ್ಟೆ. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು.

ನಾನು ಎಂಥ ಸೋಮಾರಿ ಎಂಬುದು ನಿನಗೊಬ್ಬನಿಗೇ ಗೊತ್ತು. ದನಿ ಹೇಗೂ ನಿನ್ನದೇ ಎಂದು, ಸಂಭಾಷಣೆ ಮರೆತಾಗ ಒಂದು ಎರಡು ಮೂರು ಎಂದು ಎಣಿಸುತ್ತಿದ್ದೆ. ಒಂದು ಸಲ ಸಾಯುತ್ತಿರುವ ಮಗಳ ಹಾಸಿಗೆಯ ಪಕ್ಕ ಕೂತು, ಮನೆಯಿಂದ ಹೊರಡುವಾಗ ಹೆಂಡತಿ ಹೇಳಿದ್ದನ್ನೇ ಹೇಳಿದೆ: ಸೋಪು, ಬೆಂಕಿಪೊಟ್ಟಣ, ಅರ್ಧ ಡಜನ್ ಗುಂಡಿ, ನೀಲಿ ದಾರ. ಕಣ್ಣಲ್ಲಿ ನೀರು ಮಾತ್ರ ಸರಿಯಾಗಿ ಬಂದಿತ್ತು. ಎರಡು ವಾರದ ಮೇಲೆ ನೀನು ತೆರೆಯ ಮೇಲೆ ಬರೀ ತುಟಿ ನೋಡಿ ಅಷ್ಟನ್ನೂ ಓದಿದೆ. ನಮ್ಮ ಮನೆಗೆ ಫೋನು ಮಾಡಿ, "ತಂಗೀ, ಅವತ್ತು ನಿನ್ ಗಂಡ ನೀಲಿ ದಾರ ತಂದ್ನಾ?" ಎಂದು ಕೇಳಿದೆ. ತಂದಿರಲಿಲ್ಲ. ಅವಳು ಸಾಯುವವರೆಗೂ ಆ ಮಾತು ಹೇಳಿಕೊಂಡು ನಗುತ್ತಿದ್ದಳು. "ಅಣ್ಣನ ಎದುರು ಪಿಸುಗುಡೋದೂ ಕಷ್ಟ" ಎನ್ನುತ್ತಿದ್ದಳು.

ಸರಿ, ಸುತ್ತಿ ಬಳಸಿದ್ದು ಸಾಕು, ವಿಷಯಕ್ಕೆ ಬರುತ್ತೇನೆ. ನನಗೊಂದು ಪಾತ್ರ ಬಂದಿದೆ. ಇದು ಕನ್ನಡಕ ತೆಗೆಯುವ ಪಾತ್ರವಲ್ಲ. ಇಬ್ಬರು ಮುದುಕ ಅಣ್ಣತಮ್ಮಂದಿರ ಕಥೆ, ನಾನು ಅಣ್ಣ. ತಮ್ಮನಿಗೆ ಹಿಂದೆ ಅನ್ಯಾಯ ಮಾಡಿದವನು, ಕೊನೆಗಾಲದಲ್ಲಿ ಅವನ ಮನೆಗೆ ಹೋಗುತ್ತಾನೆ. ತಮ್ಮ ಬಾಗಿಲು ತೆಗೆಯುವುದಿಲ್ಲ. ಮುಚ್ಚಿದ ಬಾಗಿಲಿಗೆ ಅಣ್ಣ ನಾಲ್ಕು ನಿಮಿಷ ಮಾತಾಡುತ್ತಾನೆ, ಒಂದೇ ಶಾಟ್. ನನ್ನ ಜನ್ಮದಲ್ಲಿ ಕ್ಯಾಮೆರಾ ನನ್ನನ್ನು ನಾಲ್ಕು ನಿಮಿಷ ನೋಡಿಲ್ಲ. ನಿರ್ದೇಶಕಿ ನನ್ನ ಮಗಳ ವಯಸ್ಸಿನವಳು. ಮನೆಗೇ ಬಂದು ಈ ಕುರ್ಚಿಯಲ್ಲೇ ಕೂತು ಕಥೆ ಹೇಳಿದಳು. ಅವಳು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ನನಗೆ ಈ ಪಾತ್ರ ಬೇಕು ಕಣೋ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕು.

ಆದರೆ ಕಂಪನಿಯ ಮ್ಯಾನೇಜರು ಒಂದು ಷರತ್ತು ಹಾಕಿದ್ದಾನೆ. "ಜನಕ್ಕೆ ನಿಮ್ ಮುಖ ಅಂದ್ರೆ ಆ ದನಿ ಸಾರ್. ಬೇರೆ ದನಿ ಬಂದ್ರೆ ಥಿಯೇಟರಲ್ಲಿ ನಗ್ತಾರೆ" ಎಂದ. ನಿನ್ನ ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ ಅದು ಬೇಕಾದ ಮಾತನ್ನು ನಿನ್ನ ದನಿಯಲ್ಲೇ ಆಡುತ್ತದಂತೆ. ಒಂದು ತುಂಡು ಕೇಳಿಸಿದರು. ನಿನ್ನದೇ ದನಿ, ಸುಳ್ಳು ಹೇಳುವುದಿಲ್ಲ. ಆದರೆ ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. ನೀನು ನನ್ನ ಕತ್ತಿನ ನರ ನೋಡಿ ಉಸಿರು ತೆಗೆದುಕೊಳ್ಳುತ್ತಿದ್ದೆ, ಅದು ಯಾರ ಕತ್ತು ನೋಡಬೇಕು? ಕೇಳುತ್ತ ಕೇಳುತ್ತ ನನಗೇ ಉಸಿರು ಕಟ್ಟಿತು.

ಇದಕ್ಕೆ ನಿನ್ನ ಸಹಿ ಬೇಕು, ಮೂರು ಪ್ರತಿ. ಜೊತೆಯಲ್ಲಿಟ್ಟಿದ್ದೇನೆ. ನಿನ್ನ ದನಿ ಹೋದ ಮೇಲೂ ಅದನ್ನೇ ಕೇಳಿಕೊಂಡು ಬರುತ್ತಿದ್ದಾನಲ್ಲ ಎಂದು ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೂ ಕಳಿಸುತ್ತಿದ್ದೇನೆ.

ಆ ರೈಲು ನಿಲ್ದಾಣದ ಚಿತ್ರಕ್ಕೆ ನನಗೆ ಬಂದ ಪೋಷಕ ನಟನ ಪ್ರಶಸ್ತಿಯನ್ನು ಈಗ ಮಲಗುವ ಕೋಣೆಯ ಬಾಗಿಲು ಬಡಿದುಕೊಳ್ಳದ ಹಾಗೆ ನೆಲದ ಮೇಲಿಟ್ಟಿದ್ದೇನೆ. ಬೆನ್ನು ತಿರುಗಿಸಿ ನಿಂತೂ ಜನರನ್ನು ಅಳಿಸಿದ ನಟ ಎಂದು ಹೊಗಳಿದ್ದರಲ್ಲ. ಬೆನ್ನು ಏನು ಮಾಡೀತು, ಅಳಿಸಿದ್ದು ನೀನು. ಪ್ರಶಸ್ತಿ ತೆಗೆದುಕೊಂಡ ದಿನ ನೆಗಡಿಯಾಗಿ ನನ್ನ ಗಂಟಲು ಕಟ್ಟಿತ್ತು, ಎರಡೇ ಮಾತಿಗೆ ಭಾಷಣ ಮುಗಿಸಬೇಕಾಯಿತು. ಇಲ್ಲದಿದ್ದರೆ ನಿನ್ನ ಹೆಸರು ಹೇಳದೆ ಇಳಿಯುತ್ತಿದ್ದೆನೇ?

ಅತ್ತಿಗೆಗೆ ನಮಸ್ಕಾರ, ಮೊಮ್ಮಗಳಿಗೆ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೋ.

ಇಂತಿ ನಿನ್ನ
ಮೋರೆ

ಮರೆತಿದ್ದೆ: ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಬಂದಿದ್ದೆ. ನೋಡುವ ಸಮಯ ಮುಗಿದಿತ್ತು, ಒಳಗೆ ಬಿಡಲಿಲ್ಲ. ನರ್ಸಿನ ಕೈಯಲ್ಲಿ ಹಣ್ಣು ಕೊಟ್ಟು ಬಂದೆ.


ಏಪ್ರಿಲ್ ೨, ಬುಧವಾರ

ನನ್ನ ಗಂಟಲೇ,

ನಿನ್ನ ಲಕೋಟೆ ಬಂದು ಹದಿಮೂರು ದಿನವಾಯಿತು. ತಡಕ್ಕೆ ಈ ಸಲ ನೆವ ಹೇಳುವುದಿಲ್ಲ. ಮೇಜಿನ ಮೇಲಿಟ್ಟುಕೊಂಡು ಸುತ್ತಲೂ ಓಡಾಡುತ್ತಿದ್ದೆ, ಅಷ್ಟೇ.

ನೀನು ಬೈದು ಬರೆಯುತ್ತೀಯ ಎಂದುಕೊಂಡಿದ್ದೆ. ಇಲ್ಲವೇ ಕಾಗದಗಳನ್ನು ಹಾಗೇ ವಾಪಸ್ಸು ಕಳಿಸುತ್ತೀಯ ಎಂದುಕೊಂಡಿದ್ದೆ. ತೆಗೆದು ನೋಡಿದರೆ ಮೂರು ಪ್ರತಿಗೂ ಸಹಿ ಬಿದ್ದಿದೆ. ಬಟ್ಟೆ ಅಂಗಡಿಯ ಅದೇ ಗುಂಡಗಿನ ಅಕ್ಷರ, ಎಲ್ಲೂ ನಡುಕವಿಲ್ಲ. ಜೊತೆಗೆ ಒಂದು ಚೀಟಿ, ಅದರಲ್ಲಿ ಒಂದೇ ಸಾಲು: "ಇಟ್ಕೋ. ನೆಗಡಿ ಆದಾಗ ಬೇಕಾಗುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಂಡಿದ್ದು ಮೂಗು. ಆ ಮಾತನ್ನು ಕೊನೆಗೆ ಬರೆಯುತ್ತೇನೆ, ಈಗಲೇ ಬರೆದರೆ ಕಾಗದ ಮುಂದಕ್ಕೆ ಹೋಗುವುದಿಲ್ಲ.

ಮೊದಲು ಪಾತ್ರದ ಸುದ್ದಿ. ನಿನ್ನ ಸಹಿ ಜೇಬಿನಲ್ಲಿಟ್ಟುಕೊಂಡು ಸ್ಟುಡಿಯೋಗೆ ಹೋದೆ. ಅವತ್ತು ಮೇಕಪ್ಪು, ಬಟ್ಟೆಯ ಪರೀಕ್ಷೆ. ಹಳೆಯ ಕೋಟು ಹಾಕಿ ನನ್ನನ್ನು ಒಂದು ಬಾಗಿಲಿನ ಮುಂದೆ ನಿಲ್ಲಿಸಿದರು. ಹಿಂದೆ ಮನೆಯೇನೂ ಇಲ್ಲ, ಹಲಗೆಗೆ ಹಸಿರು ಬಣ್ಣ ಬಳಿದು ಎರಡು ಕಂಬಕ್ಕೆ ಮೊಳೆ ಹೊಡೆದಿದ್ದರು. ಮ್ಯಾನೇಜರು "ಸಹಿ ಆಯ್ತಾ ಸಾರ್?" ಎಂದು ಕೈ ಚಾಚಿದ. ಕೈ ಜೇಬಿಗೆ ಹೋಯಿತು. ಹೋದ ಕೈ ಅಲ್ಲೇ ಉಳಿಯಿತು. "ಇವತ್ತು ನಾನೇ ಮಾತಾಡ್ತೀನಿ, ಕೇಳಿ ನೋಡಿ" ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಮನೆಯಿಂದ ಹೊರಟಾಗ ಆ ಯೋಚನೆಯೇ ಇರಲಿಲ್ಲ.

ಅವನು ನಿರ್ದೇಶಕಿಯ ಮುಖ ನೋಡಿದ. ಅವಳು "ಕೇಳೋಣ" ಎಂದಳು.

ನಾಲ್ಕು ನಿಮಿಷ ಮಾತಾಡಿದೆ, ನನ್ನದೇ ದನಿಯಲ್ಲಿ. ಎಣಿಸಲಿಲ್ಲ, ಸೋಪು ದಾರ ಅನ್ನಲಿಲ್ಲ, ಬರೆದಿದ್ದ ಪ್ರತಿಯೊಂದು ಮಾತನ್ನೂ ಆಡಿದೆ. ಶುರುವಿನಲ್ಲಿ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಗಲಿ, ಎಪ್ಪತ್ನಾಲ್ಕು ವರ್ಷದ ಮುದುಕನಿಗೆ ಹನ್ನೆರಡರ ಹುಡುಗನ ದನಿಯಿದ್ದರೆ ನನಗೂ ನಗು ಬರುತ್ತಿತ್ತು. ನಡುವೆ ಒಂದು ಮಾತಿದೆ: "ಬಾಗಿಲು ತೆಗೀಬೇಡ. ಕೇಳಿಸ್ಕೋ, ಸಾಕು." ಅಲ್ಲಿಗೆ ಬಂದಾಗ ದನಿ ಒಡೆಯಿತು. ನಟನೆಗೆಂದು ಒಡೆದದ್ದಲ್ಲ, ಅಭ್ಯಾಸವಿಲ್ಲದ್ದಕ್ಕೆ ಒಡೆಯಿತು. ಆಮೇಲೆ ಯಾರೂ ನಗಲಿಲ್ಲ. ಮುಗಿದ ಮೇಲೆ ಸೌಂಡಿನವನು ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಹತ್ತಿರ ಬಂದ. "ಸಣ್ಣ ದನಿ ಸಾರ್. ಆದ್ರೆ ನಿಮ್ದೇ ಅಂತ ಗೊತ್ತಾಗುತ್ತೆ" ಎಂದ. ಅದು ಹೊಗಳಿಕೆಯೋ ಸಮಾಧಾನವೋ, ನೀನು ಪಕ್ಕದಲ್ಲಿದ್ದಿದ್ದರೆ ಹೇಳುತ್ತಿದ್ದೆ.

ಪಾತ್ರ ಹೋಯಿತು ಕಣೋ. ನಾಲ್ಕನೇ ದಿನ ನಿರ್ದೇಶಕಿ ಫೋನು ಮಾಡಿದಳು. "ನಂಗೆ ಇಷ್ಟ ಆಯ್ತು ಸಾರ್, ಆಣೆಗೂ. ಆದ್ರೆ ದುಡ್ಡು ಹಾಕೋರು ಒಪ್ತಿಲ್ಲ. ಆ ಸಹಿ ಇದ್ರೆ ಈಗ್ಲೂ ಆಗುತ್ತೆ" ಎಂದಳು. ಜೇಬಿನಲ್ಲೇ ಇತ್ತು. ಇಲ್ಲ ಎಂದುಬಿಟ್ಟೆ. ಕೈಗೆ ಬಂದ ತುತ್ತನ್ನು ನಾನೇ ಕೆಡವಿಕೊಂಡೆ. ಫೋನಿಟ್ಟ ಮೇಲೆ ಅತ್ತೆ. ನನ್ನ ಬಗ್ಗೆ ಬಹಳ ದೊಡ್ಡ ಮನುಷ್ಯ ಎಂದುಕೊಳ್ಳಬೇಡ, ಎರಡು ದಿನ ಮ್ಯಾನೇಜರನ್ನೂ ನಿರ್ದೇಶಕಿಯನ್ನೂ ನಿನ್ನನ್ನೂ ಸೇರಿಸಿ ಬೈದುಕೊಂಡು ಓಡಾಡಿದೆ. ಈಗಲೂ ಬಟ್ಟೆ ಒಣಗಿಸುವಾಗ ಆ ನಾಲ್ಕು ನಿಮಿಷದ ಮಾತು ತಾನಾಗಿ ಬಾಯಿಗೆ ಬರುತ್ತದೆ. ಎದುರುಮನೆಯ ಕಿಟಕಿಯಲ್ಲಿ ಒಬ್ಬಾಕೆ ನಿಂತು ನೋಡುತ್ತಾಳೆ.

ಅಣ್ಣನ ಪಾತ್ರಕ್ಕೆ ಬೇರೊಬ್ಬರನ್ನು ಹಾಕಿಕೊಂಡರು. ನನಗೆ ತಮ್ಮನ ಪಾತ್ರ ಕೊಟ್ಟಿದ್ದಾರೆ, ಎರಡು ದಿನದ ಕೆಲಸ. ಬಾಗಿಲಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂತು ಕೇಳಿಸಿಕೊಳ್ಳಬೇಕು. ಒಂದು ಮಾತೂ ಇಲ್ಲ. ಒಪ್ಪಿಕೊಂಡೆ. ನಿರ್ದೇಶಕಿಗೆ, "ಕೊನೆಗೆ ಅವನು ಬಾಗಿಲು ತೆಗೀತಾನೇನಮ್ಮ?" ಎಂದು ಕೇಳಿದೆ. "ಇನ್ನೂ ಬರ್ದಿಲ್ಲ ಸಾರ್" ಎಂದಳು.

ನಿನ್ನ ಸಹಿಯಿರುವ ಕಾಗದಗಳನ್ನು ಇದರ ಜೊತೆ ವಾಪಸ್ಸು ಇಟ್ಟಿದ್ದೇನೆ. ನಾನೇ ಹರಿದು ಹಾಕಬಹುದಿತ್ತು. ಆದರೆ ದನಿ ನಿನ್ನದು, ಅದನ್ನು ಹರಿಯುವುದೋ ಇಟ್ಟುಕೊಳ್ಳುವುದೋ ನಿನಗೆ ಬಿಟ್ಟದ್ದು.

ಹೋದ ಕಾಗದದಲ್ಲಿ ಒಂದು ಸುಳ್ಳು ಬರೆದಿದ್ದೆ. ಆಸ್ಪತ್ರೆಯಲ್ಲಿ ಸಮಯ ಮುಗಿದಿರಲಿಲ್ಲ, ಇನ್ನೂ ಮುಕ್ಕಾಲು ಗಂಟೆಯಿತ್ತು. ನಿನ್ನ ಕೋಣೆಯ ಬಾಗಿಲ ತನಕ ಬಂದಿದ್ದೆ. ಬಾಗಿಲಿಗೆ ಒಂದು ಪುಟ್ಟ ಗಾಜು. ನೀನು ದಿಂಬಿಗೆ ಒರಗಿಕೊಂಡು ಪಾಟಿಯ ಮೇಲೆ ಏನೋ ಬರೆದು ನರ್ಸಿಗೆ ತೋರಿಸುತ್ತಿದ್ದೆ. ಅವಳು ಓದಿ ತಲೆಯಾಡಿಸುತ್ತಿದ್ದಳು. ಒಳಗೆ ಬಂದರೆ ನನಗೇನು ಬರೆದು ತೋರಿಸುತ್ತೀಯೋ ಎಂದು ಹೆದರಿದೆ. ಹಣ್ಣಿನ ಚೀಲವನ್ನು ಹೊರಗಿನ ಬೆಂಚಿನ ಮೇಲಿಟ್ಟು ಮೆಟ್ಟಿಲು ಇಳಿದುಬಿಟ್ಟೆ. ಅದು ನಿನಗೆ ಸಿಕ್ಕಿತೋ ಇಲ್ಲವೋ.

ಈ ಭಾನುವಾರ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಪಾಟಿ ಬೇಡ. ನೀನು ಬರೀ ತುಟಿ ಅಲ್ಲಾಡಿಸು. ಮೂವತ್ತೊಂದು ವರ್ಷ ನೀನು ನನ್ನ ತುಟಿ ಓದಿದೆ, ಈಗ ನಾನು ನಿನ್ನದನ್ನು ಓದಲು ಕಲಿಯುತ್ತೇನೆ. ಅಂಗಡಿಗೆ, ಔಷಧಿಗೆ, ಬಸ್ಸಿಗೆ ಜೊತೆಯಲ್ಲಿ ಬಂದು ನಿನ್ನ ಮಾತನ್ನು ನಾನೇ ಆಡುತ್ತೇನೆ, ಈ ಕೀರಲು ದನಿಯಲ್ಲೇ. ಶುರುವಿನಲ್ಲಿ ತಪ್ಪಾಗುತ್ತದೆ, ನೀನು ಸೋಪು ಎಂದರೆ ನಾನು ಸೂಜಿ ತಂದೇನು. ಸಹಿಸಿಕೋ. ಇದನ್ನು ಓದಿದ ಮೇಲೆ ನನ್ನನ್ನು ನೋಡುವುದು ಬೇಡವೆನಿಸಿದರೆ ಬಾಗಿಲು ತೆಗೆಯಬೇಡ. ಸ್ವಲ್ಪ ಹೊತ್ತು ನಿಂತಿದ್ದು ಹೋಗುತ್ತೇನೆ.

ಅತ್ತಿಗೆಗೆ ನಮಸ್ಕಾರ. ಆ ಪುಟ್ಟಿ ನೂರ್ಕಾಲ ಸುಖವಾಗಿರಲಿ, ತಾತನ ದನಿ ಹೇಗಿತ್ತೆಂದು ಟಿವಿಯಲ್ಲಾದರೂ ಕೇಳಲಿ. ನೀನು ಚೆನ್ನಾಗಿರು.

ನಿನ್ನವನೇ ಆದ
ಮೋರೆ

ಕೊನೆಗೆ ಬರೆಯುತ್ತೇನೆ ಎಂದದ್ದು: ಪ್ರಶಸ್ತಿಯ ದಿನ ವೇದಿಕೆಯ ಮೇಲೆ ನನ್ನ ಜೇಬಿನಲ್ಲಿ ಮೂರು ಸಾಲಿನ ಭಾಷಣವಿತ್ತು. ಮೂರನೇ ಸಾಲು ನಿನ್ನ ಹೆಸರು. ಮೈಕಿನಲ್ಲಿ ನನ್ನ ದನಿ ಕೇಳಿದ್ದೇ ಸಭೆಯಲ್ಲಿ ಗುಸುಗುಸು ಶುರುವಾಯಿತು, ಎರಡಕ್ಕೇ ನಿಲ್ಲಿಸಿದೆ. ಪ್ರಶಸ್ತಿ ಕೊಟ್ಟ ಅತಿಥಿ ಕಿವಿಯ ಹತ್ತಿರ ಬಗ್ಗಿ, "ಸಿನಿಮಾದಲ್ಲಿರೋ ದನಿ ನಿಮ್ದೇ ತಾನೆ?" ಎಂದು ಕೇಳಿದರು. ನಾನು ಮೈಕಿನಿಂದ ಮುಖ ತಿರುಗಿಸಿ, "ನಂದೇ ಸಾರ್, ಇವತ್ತು ಸ್ವಲ್ಪ ನೆಗಡಿ" ಎಂದೆ. ಚಪ್ಪಾಳೆಯ ಸದ್ದು, ಪಕ್ಕದವರಿಗೂ ಕೇಳಿಸಿರಲಾರದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ಹನ್ನೊಂದನೇ ಸಾಲಿನಲ್ಲಿ ಅತ್ತಿಗೆಯ ಪಕ್ಕ ನೀನು ಕೂತಿದ್ದೆ, ನನ್ನ ತುಟಿ ನೋಡುತ್ತ.

ಸೋಮವಾರ ನಾನು ಡಬ್ಬಿಂಗ್ ಕೋಣೆಗೆ ಬಂದೆ. ನೀನು ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ನನ್ನ ಕೈಗಿಟ್ಟು, "ಕುಡಿ, ನೆಗಡಿಗೆ ಒಳ್ಳೇದು" ಎಂದೆ. ಆಮೇಲೆ ಹದಿನೇಳು ವರ್ಷ ನನಗೆ ದನಿ ಕೊಟ್ಟೆ. ನೆಗಡಿಯ ಮಾತನ್ನು ನಾನು ಆ ಅತಿಥಿಯ ಹೊರತು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತೆಂದು ಆ ಕ್ಷಣಕ್ಕೇ ತಿಳಿಯಿತು. ಲೋಟ ಕೆಳಗಿಟ್ಟು ನಿನ್ನ ಕೈ ಹಿಡಿದುಕೊಳ್ಳಬಹುದಿತ್ತು.

ನನಗೆ ನೆಗಡಿಯಿರಲಿಲ್ಲ ಕಣೋ. ನೀನು ಕೊಟ್ಟ ನೀರನ್ನು ಪೂರ್ತಿ ಕುಡಿದೆ.